ಕೊನೆಯ ಸಾಲಿನ ಪೆನ್ಸಿಲ್

ಲಾಂಡ್ರಿ ಅಂಗಡಿಯ ಟೀವಿಯಲ್ಲಿ
ನಾಲ್ಕು ಚೌಕ, ನಾಲ್ಕು ಬಾಯಿ;
ಕೆಳಗೆ ನನ್ನ ಕಾಲುಚೀಲಗಳೂ
ಒಂದನ್ನೊಂದು ಒದೆಯುತ್ತ ಸುತ್ತುತ್ತಿವೆ.

ವಾಷಿಂಗ್ಟನ್ನಿನಲ್ಲಿ ಯಾರು ಯಾರಿಗೆ ಏನೆಂದರು,
ಡೆಲ್ಬರ್ಟನಿಗೆ ಬಾಯಿಪಾಠ.
ಮಿಲ್ ಬೀದಿಯ ಸೇತುವೆ ಮುಚ್ಚಿದ್ದೇಕೆ?
ಅವನಿಗೂ ಗೊತ್ತಿಲ್ಲ, ನನಗೂ.

ನಮ್ಮೂರ ಪತ್ರಿಕೆ ನಿಂತು ಆರು ವರ್ಷ.
ಕೌನ್ಸಿಲ್ ಸಭೆಯ ಕೊನೆಯ ಸಾಲಲ್ಲಿ ಕೂತು
ಪೆನ್ಸಿಲ್ ಹೆರೆಯುತ್ತಿದ್ದ ವರ್ನಾ
ಈಗ ಕೌಂಟಿ ಆಸ್ಪತ್ರೆಯಲ್ಲಿ ಬಿಲ್ಲು ಬರೆಯುತ್ತಾಳೆ.
ಆ ಹೆರೆಯುವ ಸದ್ದಿಗೇ
ಮೇಯರ್ ಒಮ್ಮೆ, ನೀರಿನ ದರ ಓದುತ್ತ, ತೊದಲಿದ್ದ.

ನಿನ್ನೆ ಹೋದೆ.
ಕುರ್ಚಿ ಮೂವತ್ತು, ಜನ ನಾನೊಬ್ಬ.
ಅರ್ಧ ತಿಳಿಯಲಿಲ್ಲ. ಆದರೂ ಜೇಬಿಂದ ಪೆನ್ಸಿಲ್ ತೆಗೆದೆ.
ಮೊನೆ ಮುರಿದಿತ್ತು. ಹೆರೆದೆ.
ಮೇಯರ್ ತಲೆಯೆತ್ತಿದ.