ಊರ ನೀರು

ಹೊಸ ಊರಿಗೆ ಹೋದವರನ್ನು
ನಮ್ಮ ಕಡೆ ಕೇಳುತ್ತಾರೆ: ನೀರು ಒಗ್ಗಿತೇ?
ಪರ್ತ್‌ನ ಈ ನೆಲಮಾಳಿಗೆಯಲ್ಲಿ ಕೂತು
ನಾನು ಕಲ್ಲುಗಳನ್ನು ಕೇಳುವುದೂ ಅದನ್ನೇ.
ಸಂಬಳ ಅದಕ್ಕೇ.

ನಲ್ಲಾರ್‌ಬರ್ ಬಯಲು. ಮರವಿಲ್ಲ, ಹೊಳೆಯಿಲ್ಲ,
ಸುಣ್ಣಗಲ್ಲಿನ ಹಾಸು, ಮೊಣಕಾಲೆತ್ತರದ ಉಪ್ಪುಗಿಡ,
ಬೈತಲೆ ತೆಗೆದ ಹಾಗೆ ನೆಟ್ಟಗೆ ರೈಲುಹಳಿ.
ಅಲ್ಲಿ ಕರ್ರಗೆ ಕಂಡದ್ದೆಲ್ಲ
ಒಂದೋ ಕಾಂಗರೂವಿನ ಹಿಕ್ಕೆ, ಇಲ್ಲವೇ ಆಕಾಶದ್ದು.

ರಾಲಿನಾ ಸ್ಟೇಷನ್ನಿನಾಚೆ ಮೊಲ ಹಿಡಿಯುತ್ತಿದ್ದ
ಕ್ಲೆಮ್ ಪೆಂಗ್ಲೇಸ್‌ಗೆ ಅದು ಸಿಕ್ಕಿದ್ದು ಎರಡು ಹೋಳಾಗಿ.
ಒಂದನ್ನು ಬೇಲಿಗೂಟದ ಬುಡದಲ್ಲಿ ಗುರುತಿಗೆ ಬಿಟ್ಟ.
ಇನ್ನೊಂದನ್ನು ಗೋಣಿಯಲ್ಲಿ ಸುತ್ತಿ
ಎಸ್ಪೆರೆನ್ಸಿಗೆ, ಕಡಲ ದಂಡೆಯ ಮನೆಗೆ ಒಯ್ದ.
ಮೂವತ್ತೊಂದು ವರ್ಷ. ಆಮೇಲೆ ಕ್ಲೆಮ್ ಇಲ್ಲ,
ಅವನು ಗೂಟದ ಲೆಕ್ಕ ಬರೆದಿಟ್ಟ ಕಾಗದ ಇತ್ತು:
ಗೇಟಿನಿಂದ ಉತ್ತರಕ್ಕೆ ಇನ್ನೂರ ಹನ್ನೆರಡನೆಯದು.
ಎಣಿಸಿಕೊಂಡು ಹೋದೆವು. ಇನ್ನೂರ ಹದಿನಾಲ್ಕನೆಯದು.
ನಡುವೆ ಯಾರೋ ಎರಡು ಹೊಸ ಗೂಟ ನೆಟ್ಟಿದ್ದರು.

ವಜ್ರದ ಗರಗಸ ಸೀಳಿದಾಗ ಒಳಗೆ
ರಾಗಿಯಷ್ಟು, ಸಾಸಿವೆಯಷ್ಟು ಉಂಡೆಗಳು,
ಸೂರ್ಯ ಎಳೆಯನಿದ್ದಾಗ ಹೆಪ್ಪುಗಟ್ಟಿದವು;
ಅಲ್ಲಲ್ಲಿ ಲೋಹದ ಹೊಳಪು.
ಕಬ್ಬಿಣದ ಕಡಲೆ ಎಂಬ ಮಾತಿಗೆ
ನಾನು ಕಣ್ಣಾರೆ ಕಂಡ ಒಂದೇ ಸಾಕ್ಷಿ.
ಅದನ್ನೂ ಅಗಿಯುವ ಹಲ್ಲಿದೆ, ನೀರಿಗೆ.

ಚೂರು ಪುಡಿಮಾಡಿ, ಬಿಲ್ಲೆಯಾಗಿ ಒತ್ತಿ,
ಎರಡು ದಿನ ಗಾಮಾ ಕಿರಣದ ಮುಂದೆ ಕೂರಿಸುತ್ತೇನೆ.
ಮೇಲಿನಿಂದ ತಂದ ಕಬ್ಬಿಣ ಒಂದು ದನಿಯಲ್ಲಿ,
ತುಕ್ಕಾದದ್ದು ಇನ್ನೊಂದು ದನಿಯಲ್ಲಿ
ಹಾಜರಿ ಹೇಳುತ್ತದೆ.
ನೂರರಲ್ಲಿ ಎಷ್ಟು ಈ ನೆಲದ್ದಾಯಿತು, ಅದೇ ಅಂಕ.
ಬಿದ್ದ ಕಾಲವನ್ನು ಅಳಿದುಳಿದ ಇಂಗಾಲ ಹೇಳುತ್ತದೆ:
ಹದಿಮೂರು ಸಾವಿರ ವರ್ಷ, ಹೆಚ್ಚುಕಡಿಮೆ.
ಹೆಚ್ಚುಕಡಿಮೆ ಎಂದರೆ ಸಾವಿರದ ಮುನ್ನೂರು;
ಅದರೊಳಗೆ ಒಂದು ರಾಜ್ಯ ಹುಟ್ಟಿ ಹಾಳಾಗಬಹುದು.

ಮೊದಮೊದಲು ಕಲ್ಲು ಬಾಯಾರಿದವರ ಹಾಗೆ ಕುಡಿಯುತ್ತದೆ.
ಬಿರುಕು ಬಿರುಕಿಗೂ ಮಳೆ. ಆಮೇಲೆ ತುಕ್ಕೇ ಉಬ್ಬಿ
ನೀರು ಬಂದ ದಾರಿಯನ್ನೆಲ್ಲ ಮೆತ್ತಿ ಮುಚ್ಚುತ್ತದೆ.
ಕೆಟ್ಟದ್ದೇ ಕಾವಲಿಗೆ ನಿಲ್ಲುತ್ತದೆ.
ಒಣಬಯಲಲ್ಲಿ ಹಾಗೇ ಸಾವಿರಾರು ವರ್ಷ ನಿಂತೀತು.

ಗೂಟದ ಬುಡದ ಹೋಳು: ಮೂವತ್ತನಾಲ್ಕು.
ಎಸ್ಪೆರೆನ್ಸಿನದು: ನಲವತ್ತೊಂದು.
ಒಡೆದ ಮುಖಗಳನ್ನು ಜೋಡಿಸಿ ನೋಡಿದೆ,
ಕೂಡಲಿಲ್ಲ; ಒಂದರ ಅಂಚು ಉಬ್ಬಿತ್ತು.
ಕಡಲಗಾಳಿ, ಎಂದು ಬರೆದೆ. ಅಳಿಸಿದೆ.
ಏಳು ಅಂಕಕ್ಕೆ ಬರೀ ಗಾಳಿ ಸಾಲದು.

ಫೋನು ಮಾಡಿದೆ. ವೆರ್ನಾ ಪೆಂಗ್ಲೇಸ್‌ಗೆ ಎಂಬತ್ತಾರು,
ಕಿವಿ ಚುರುಕು.
ಕಲ್ಲನ್ನು ಎಲ್ಲಿಟ್ಟಿದ್ದಿರಿ?
ಜೆರೇನಿಯಂ ಕುಂಡದಲ್ಲಮ್ಮ, ಬುಡದ ಮೇಲೆ,
ಬೆಕ್ಕು ಕೆದರದ ಹಾಗೆ.
ನೀರು?
ದಿನಾ ಸಂಜೆ, ಮತ್ತೇನು. ಪಾತ್ರೆ ತೊಳೆದ ನೀರು.
ಕಲ್ಲಿನ ಮೇಲೆಯೇ ಹೊಯ್ಯುತ್ತಿದ್ದೆ, ಮಣ್ಣು ಚಿಮ್ಮಬಾರದಲ್ಲ.

ಹನ್ನೊಂದು ಸಾವಿರದ ಮುನ್ನೂರು ಸಂಜೆ.
ತಂಗಿಯ ಮನೆಗೆ ಹೋದ ದಿನಗಳನ್ನು ಕಳೆದೆ.
ಕ್ಲೆಮ್ ಆಸ್ಪತ್ರೆಯಲ್ಲಿದ್ದ ಆ ಚಳಿಗಾಲವನ್ನೂ
ಕಳೆಯಬೇಕೇ, ಎಂದು ಮೆಲ್ಲಗೆ ಕೇಳಿದೆ.
ಬೇಡ, ಎಂದರು. ಆಗಲೂ ಹೊಯ್ದಿದ್ದೇನೆ.

ಕೋಷ್ಟಕದ ಕೊನೆಯ ಕಲಮಿನಲ್ಲಿ
ಬರೆದದ್ದು ಇಷ್ಟು: ಸ್ಥಳೀಯ ತೇವ.

ಕಲ್ಲು ವಾಪಸು ಬರುತ್ತದೆಯೇ, ಗಿಡ ಒಂದು ಕಡೆ ವಾಲಿದೆ,
ಎಂದು ಅವರು ಕೇಳಿದರು.
ಆಕಾಶದಿಂದ ಬಿದ್ದದ್ದು ಇಲ್ಲಿ ಸರಕಾರದ್ದು. ಹೇಳಲಾಗಲಿಲ್ಲ.
ವಾರಾಂತ್ಯಕ್ಕೆ ತಕ್ಕಡಿ ಹಿಡಿದು ಅಲೆಯುತ್ತಿದ್ದೇನೆ,
ಒಂಬೈನೂರ ನಲವತ್ತು ಗ್ರಾಮಿನ
ಒಂದು ಊರಕಲ್ಲಿಗಾಗಿ.