ಒಂದು ಕೋರ್ಸಿನ ವಿನಾಯಿತಿ

ಡೀನರ ಕಚೇರಿಯ ಪತ್ರವನ್ನು
ಮೊದಲು ಒಡೆದು ಓದಿದವಳು ನಾನೇ.
ಇಪ್ಪತ್ತಾರು ವರ್ಷದಿಂದ ಮಣ್ಣು ವಿಜ್ಞಾನ ವಿಭಾಗದ ಟಪಾಲು
ನನ್ನ ಮೇಜು ಹಾದೇ ಒಳಗೆ ಹೋಗುವುದು.
ಲೋರ್ನ್ ಟೀಸನ್ ಏಳನೆಯ ಮುಖ್ಯಸ್ಥ.
ಆರು ಜನರನ್ನು ಆ ಕುರ್ಚಿಗೆ ಹತ್ತಿಸಿ, ಇಳಿಸಿಕೊಂಡಿದ್ದೇನೆ;
ಹತ್ತಿದವರೇ ಇಳಿದದ್ದನ್ನು ಒಮ್ಮೆಯೂ ಕಾಣಲಿಲ್ಲ.

ಪತ್ರದಲ್ಲಿ ಇದ್ದದ್ದು:
ತಿಂಗಳಿಗೆ ಮುನ್ನೂರ ಎಪ್ಪತ್ತೈದು ಡಾಲರು ಭತ್ಯೆ,
ತೆರಿಗೆ ಕಳೆಯುವ ಮುಂಚೆ.
ಮೂರು ವರ್ಷ ಮುಗಿದರೆ ಆರು ತಿಂಗಳ ರಜೆ,
ವಿಭಾಗದ ಅಗತ್ಯಗಳಿಗೆ ಒಳಪಟ್ಟು.
ಕಟ್ಟಡದ ಬೆನ್ನಿಗೇ ಕಾರು ನಿಲ್ಲಿಸುವ ಜಾಗ, ನಂಬರು ಹದಿನಾಲ್ಕು,
ಎಂಜಿನ್ ಹೆಪ್ಪುಗಟ್ಟದಂತೆ ಕಂಬದಲ್ಲಿ ಕರೆಂಟಿನ ಪ್ಲಗ್ಗು.
ಮತ್ತೆ, ವರ್ಷಕ್ಕೆ ಒಂದು ಕೋರ್ಸಿನ ವಿನಾಯಿತಿ.

ಸಸ್ಕಾಚೆವಾನಿನ ಜನವರಿ ಕಂಡವರಿಗೆ ಗೊತ್ತು ಆ ಪ್ಲಗ್ಗಿನ ಬೆಲೆ.
ಅದರ ಸಲುವಾಗಿ ಇಬ್ಬರು ಪ್ರೊಫೆಸರುಗಳು
ಹನ್ನೊಂದು ತಿಂಗಳು ಮಾತು ಬಿಟ್ಟಿದ್ದರು.
ಟೀಸನ್‌ಗೆ ಕಾರೇ ಇಲ್ಲ.
ಮೈನಸ್ ಮೂವತ್ತೆಂಟರಲ್ಲೂ ಸೇತುವೆ ಮೇಲೆ ನಡೆದು ಬರುವ ಆಸಾಮಿ,
ಹುಬ್ಬಿನ ತುಂಬ ಹಿಮ ಬೆಳೆದುಕೊಂಡು.
"ಬರ್ನೀಸ್, ನಿನ್ನ ಬ್ಯೂಕು ಎಲ್ಲಿ ನಿಲ್ಲುತ್ತೆ?"
ಹತ್ತಿರವೇ ಎಂದು ಸುಳ್ಳು ಹೇಳಿದೆ.
ಮರುದಿನ ಪಾಸು ನನ್ನ ಸ್ಟೇಪ್ಲರಿನ ಕೆಳಗಿತ್ತು.
ಆ ವಿಷಯ ಅಷ್ಟಕ್ಕೇ ಸಾಕು.

ಭತ್ಯೆಯ ಲೆಕ್ಕ ಹೇಳುತ್ತೇನೆ.
ಅಕ್ಟೋಬರು ಪೂರ್ತಿ ಕ್ಯಾಲೆಂಡರಿನ ಬೆನ್ನಿಗೆ ಗೀಟು ಹಾಕಿದೆ:
ವಾರಕ್ಕೆ ಮೂವತ್ತು ಗಂಟೆ ಹೆಚ್ಚುವರಿ.
ಭಾಗಿಸಿದರೆ ಗಂಟೆಗೆ ಎರಡು ಡಾಲರು ಎಂಬತ್ತೆಂಟು ಸೆಂಟು.
ಕೆಳಗಿನ ಕೆಫೆಯಲ್ಲಿ ದೊಡ್ಡ ಲೋಟದ ಕಾಫಿ ಬರುವುದಿಲ್ಲ ಅಷ್ಟಕ್ಕೆ.
ಅವನಿಗೆ ಬಂದದ್ದು ಸೋರುವ ಹಸಿರುಮನೆಯ ಕಡತ,
ಯಾರದೋ ವಿಚ್ಛೇದನದ ಕಥೆ, ಬಾಗಿಲಲ್ಲೇ ನಿಂತು, ಮುಕ್ಕಾಲು ಗಂಟೆ,
ಮತ್ತು ಫರೀಬಾ ತಹ್ಮಾಸೆಬಿಗೆ
ನಿನ್ನ ಕೆಲಸ ಕಾಯಂ ಆಗಲಿಲ್ಲ ಎಂದು ಹೇಳಬೇಕಾದ ಮಂಗಳವಾರ.
ಟಿಶ್ಯೂ ಪೆಟ್ಟಿಗೆಯನ್ನು ಮುಂಚೆಯೇ ಒಳಗಿಟ್ಟಿದ್ದೆ.
ಅವಳು ಒಣಗಣ್ಣಿನಲ್ಲೇ ಹೊರಗೆ ಬಂದಳು, ನನಗೆ ಥ್ಯಾಂಕ್ಸ್ ಹೇಳಿ ಹೋದಳು.
ಸಂಜೆ ನೋಡಿದರೆ ಪೆಟ್ಟಿಗೆ ಅರ್ಧ ಖಾಲಿ.

ಇನ್ನು ಆ ವಿನಾಯಿತಿ.
ಅವರು ಬಿಡಿಸಿದ್ದು ಮೊದಲ ವರ್ಷದ ಹುಡುಗರ ಕೋರ್ಸು.
ಊರಾಚೆ ಎದೆಮಟ್ಟ ಗುಂಡಿ ತೋಡಿಸಿ,
ಒಳಗಿಳಿಸಿ, ಮಣ್ಣು ಬಾಯಿಗೆ ಹಾಕಿಕೊಳ್ಳಿ ಅನ್ನುತ್ತಿದ್ದ.
"ಜೇಡಿಯಾದರೆ ಹಲ್ಲಿಗೆ ಬೆಣ್ಣೆ.
ಗೋಡುಮಣ್ಣಾದರೆ ಹಿಟ್ಟು.
ಮರಳಾದರೆ ನಾನು ಹೇಳುವುದೇ ಬೇಡ."
ಮುಖ ಕಿವುಚಿದ ಹುಡುಗಿಯರು ನಾಲ್ಕು ವರ್ಷದ ನಂತರ
ಪದವಿಯ ಗೌನಿನಲ್ಲೇ ಬಂದು ಅವನ ಕೈ ಕುಲುಕುತ್ತಿದ್ದರು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ
ಗುದ್ದಲಿ ಹಿಡಿದ ಹಿಂಡು ಕಿಟಕಿಯ ಕೆಳಗೆ ಹೊರಟಿತು,
ಗುತ್ತಿಗೆಯ ಮೇಷ್ಟರ ಹಿಂದೆ, ನಗುತ್ತ.
ಟೀಸನ್ ಕಿವಿಯಲ್ಲಿ ಫೋನು, ಫೋನಿನೊಳಗೆ ಬಜೆಟ್ಟಿನವನು.
ಹೌದು, ಹೌದು ಅನ್ನುತ್ತಿದ್ದ;
ಬಾಯಿ ಮುಚ್ಚಿದಾಗಲೆಲ್ಲ
ನಾಲಗೆ ಒಳಗೇ ಹಲ್ಲು ಸವರುತ್ತಿತ್ತು,
ಏನನ್ನೋ ಗುರುತು ಹಿಡಿಯುವವನ ಹಾಗೆ.

ಮೂರನೆಯ ವಸಂತಕ್ಕೆ ಎರಡನೇ ಪತ್ರ.
ಮುಂದುವರಿದರೆ ಐನೂರು ಡಾಲರು,
ಸೇವೆಯನ್ನು ಮೆಚ್ಚಿ ಮತ್ತೊಂದು ಕೋರ್ಸಿನ ವಿನಾಯಿತಿ.
ನನ್ನ ಮೇಜಿನ ಅಂಚಿಗೆ ಕೂತು ಎರಡು ಸಲ ಓದಿದ.
"ಉಳಿದಿದ್ದೊಂದನ್ನೂ ಕಿತ್ತುಕೊಳ್ತಾರಂತೆ, ಬರ್ನೀಸ್."
ಬೀಗದ ಕೈ ಗೊಂಚಲನ್ನು ನನ್ನ ಡ್ರಾಯರಿಗೆ ತಾನೇ ಹಾಕಿದ.

ಎಂಟನೆಯವಳಿಗೆ ದೊಡ್ಡ ಕಾರಿದೆ, ಪಾಸು ವಾಪಸು ಕೊಟ್ಟೆ.
ನವೆಂಬರಿನಿಂದ ಮತ್ತೆ ಎರಡು ಬೀದಿಯಾಚೆ ನನ್ನ ಬ್ಯೂಕು.
ಇವತ್ತು ಕಾರಿಡಾರಿನ ಕಾರ್ಪೆಟ್ಟಿನ ಮೇಲೆ
ಮೂವತ್ತು ಜೊತೆ ಬೂಟಿನ ಕಪ್ಪು ಮಣ್ಣು,
ಬಾಗಿಲಿನಿಂದ ಅವನ ಲ್ಯಾಬಿನವರೆಗೆ.
ಒರೆಸುವವರಿಗೆ ಫೋನು ಮಾಡಬೇಕು.
ಊಟವಾಗಲಿ, ಆಮೇಲೆ ಮಾಡುತ್ತೇನೆ.