ಅರ್ಧ ಗೇಣು

ಎದೆಯ ಬಿಲ್ಲೆಯಲ್ಲಿ ನನ್ನ ಹೆಸರು ಎರಡು ಲಿಪಿಯಲ್ಲಿದೆ.
ಅರಬಿಯಲ್ಲಿ ಪಕಾರವಿಲ್ಲ, ಹಾಗಾಗಿ
ಪುಷ್ಪಲತಾ ಇಲ್ಲಿ ಬುಷ್ಬಲತಾ.
ಕೆಲಸ: ಕೈಯಲ್ಲೊಂದು ಕೆಂಪು ಟಾರ್ಚು,
ತಡವಾಗಿ ಬಂದವರಿಗೆ ಸೀಟು ತೋರಿಸುವುದು,
ಮೊದಲೇ ಹೊರಟವರಿಗೆ ಮೆಟ್ಟಿಲು.

ದೋಹಾದ ಆಗಸ್ಟ್. ಸಂಜೆ ಐದಕ್ಕೂ
ತಾರಾಲಯದ ಬಾಗಿಲ ಹಿಡಿ ಮುಟ್ಟಿದರೆ ಸುಡುತ್ತದೆ.
ಅರ್ಧ ಜನ ಬರುವುದು ಏಸಿಗೆ,
ಉಳಿದರ್ಧ ಮಕ್ಕಳು ಹಟ ಹಿಡಿದದ್ದಕ್ಕೆ.
ಗುಮ್ಮಟ ಕಪ್ಪಾಗುವಾಗ ಎಲ್ಲ ಭಾಷೆಯವರದೂ ಒಂದೇ ಸದ್ದು:
ನೋಯುವ ಕಾಲನ್ನು ಬಿಸಿನೀರಿಗಿಟ್ಟಾಗ
ಬರುತ್ತದಲ್ಲ, ಅದು.

ನೈಟ್ ಡ್ಯೂಟಿ ಮುಗಿಸಿ ಬಂದ ನರ್ಸೊಬ್ಬಳು
ಶನಿಯ ಬಳೆ ಬರುವ ಮೊದಲೇ ನಿದ್ದೆಹೋದಳು;
ಎಬ್ಬಿಸಿದರೆ "ತುಂಬಾ ಚೆನ್ನಾಗಿತ್ತು" ಅಂದಳು. ಸುಳ್ಳಿರಲಿಕ್ಕಿಲ್ಲ.
ಕ್ಯಾಂಪಿನ ಬಸ್ಸಲ್ಲಿ ಬಂದ ನಲವತ್ತು ಜನರಲ್ಲಿ ಒಬ್ಬ
ಇಡೀ ಹೊತ್ತು ಗುಮ್ಮಟದ ಜೋಡಣೆ ಗೆರೆಗಳನ್ನೇ ನೋಡಿ,
"ದೀದೀ, ಇದಕ್ಕೆ ಅಟ್ಟಣಿಗೆ ಎಲ್ಲಿಂದ ಕಟ್ಟಿದರು?" ಅಂದ.
ಒಂದು ಹುಡುಗಿ ಚಂದ್ರನಿಗೆ ಟಾಟಾ ಮಾಡಿದ್ದು ಸಾಲದೆ
ಉತ್ತರಕ್ಕೆ ಕಾದಳು.
ಹೊರಗೆ ಅಭಿಪ್ರಾಯದ ಪುಸ್ತಕವಿದೆ:
ಕತ್ತು ನೋವು. ಚಳಿ. ಅದ್ಭುತ. ಪಾಪ್‌ಕಾರ್ನ್ ಇಲ್ಲ.

ಆ ಬುಧವಾರ ಅಬೂ ಘಾನಿಮ್ ಬಂದರು,
ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಮೊಮ್ಮಗನ ಭುಜ.
ಅವರಪ್ಪ ಮುತ್ತಿಗೆ ಮುಳುಗುತ್ತಿದ್ದವರಂತೆ,
ಮೂಗಿಗೆ ಚಿಮಟ, ಕಾಲಿಗೆ ಕಲ್ಲು.
ತೆಂಕಣ ಅಂಚಲ್ಲಿ ಸುಹೈಲ್ ಹೊಳೆದದ್ದೇ ತಡ
ಅಜ್ಜ ಕತ್ತಲಲ್ಲಿ ಎದ್ದು ನಿಂತು
ಬೆತ್ತ ನೀಡಿ ಬೈಯತೊಡಗಿದರು.
ನಾನು ಟಾರ್ಚು ಹಿಡಿದು ಓಡಿದೆ.
ಮೊಮ್ಮಗ ನಾಚಿಕೊಂಡು ಹೇಳಿದ:
"ಅಷ್ಟು ಮೇಲೆ ಬರುವವನಲ್ಲವಂತೆ ಅವನು.
ಸುಳ್ಳು ಆಕಾಶವಂತೆ. ದುಡ್ಡು ವಾಪಸ್ ಬೇಕಂತೆ."

ಸುಹೈಲ್ ಅಂದರೆ ನಮ್ಮ ಅಗಸ್ತ್ಯ,
ಕಡಲನ್ನೇ ಕುಡಿದು ಬಾಯೊರೆಸಿಕೊಂಡವನು.
ಇಲ್ಲಿ ಅವನು ಬಂದ ಅಂದರೆ ಸೆಕೆ ಇಳಿಯಿತು ಅಂತ ಲೆಕ್ಕ.
ಅಜ್ಜ ಕೈ ಚಾಚಿ ಅಳೆದು ತೋರಿಸಿದರು:
ಇಷ್ಟಿರಬೇಕು, ಅರ್ಧ ಗೇಣು.
ನಿಮ್ಮದು ಪೂರಾ ಗೇಣು.

ಪ್ರೊಜೆಕ್ಟರಿನ ಆರ್ನೆಲ್‌ನನ್ನು ಕೇಳಿದರೆ
ಮೊದಲು ನಕ್ಕ, ಆಮೇಲೆ ನಗಲಿಲ್ಲ.
ಎಂಟು ದಿನದ ಹಿಂದೆ, ಹಾಲ್ ಖಾಲಿಯಿದ್ದಾಗ,
ಅಕ್ಷಾಂಶದ ಜಾಗದಲ್ಲಿ ತನ್ನೂರಿನ ಅಂಕಿ ಒತ್ತಿದ್ದನಂತೆ.
ಫಿಲಿಪ್ಪೀನ್ಸಿನ ನಾಗಾ, ಹದಿಮೂರೂವರೆ ಚಿಲ್ಲರೆ;
ಸುಮ್ಮನೆ, ಹೇಗೆ ಕಾಣುತ್ತದೆ ಅಂತ.
ತಿರುಗಿಸಲು ಮರೆತ. "ಮ್ಯಾನೇಜರಿಗೆ ಹೇಳಬೇಡ."
ನಾನು ಫೋನು ತೆಗೆದು ನಮ್ಮ ಹೆಮ್ಮಾಡಿಯ ಅಂಕಿ ಹುಡುಕಿದೆ.
ಹದಿಮೂರೂವರೆ ಚಿಲ್ಲರೆ.

ಎಂಟು ದಿನ, ದಿನಕ್ಕೆ ಮೂರು ಶೋ.
ಸೂಡಾನಿನವರು, ಸಿರಿಯಾದವರು, ಆ ನರ್ಸು, ಆ ಹುಡುಗಿ,
ಬೆನ್ನು ಚಾಚಿ ಬಾಯಿ ತೆರೆದು ನೋಡಿದ್ದು
ಗಂಗೊಳ್ಳಿ ಅಳಿವೆಯ ಮೇಲಿನ ಆಕಾಶ.
ಯಾರಿಗೂ ಗೊತ್ತಾಗಲಿಲ್ಲ.
ನನಗೂ ಆಗಲಿಲ್ಲ.
ಅದರ ಕೆಳಗೆ ಇಪ್ಪತ್ತಮೂರು ವರ್ಷ ಬದುಕಿ ಬಂದವಳು,
ಕತ್ತೆತ್ತಿ ನೋಡಿದ್ದು
ಮೀನು ಒಣಹಾಕುವಾಗ ಮೋಡ ಉಂಟಾ ಅಂತ ಮಾತ್ರ.

ಆರ್ನೆಲ್ ಅಂಕಿ ತಿದ್ದಿದ.
ಯಾರೋ ಕಾಲ ಬದಿಯಿಂದ ಚಾದರ ಎಳೆದ ಹಾಗೆ
ಇಡೀ ಆಕಾಶ ತೆಂಕಕ್ಕೆ ಜಾರಿತು;
ಧ್ರುವ ಮೇಲೆದ್ದ, ಅಗಸ್ತ್ಯ ಇಳಿದ.
ಹೆಚ್ಚೇನಿಲ್ಲ, ಅಂದೆ.
ಹೆಚ್ಚೇನಿಲ್ಲ, ಅಂದ ಅವನೂ.
ದೀಪ ಹಾಕಲು ಮಾತ್ರ ಇಬ್ಬರೂ ತಡಮಾಡಿದೆವು.

ಗುರುವಾರ ಅಬೂ ಘಾನಿಮ್ ಮತ್ತೆ ಬಂದರು, ಟಿಕೆಟ್ ಕೊಂಡೇ.
ಕೈ ಚಾಚಿ ಅಳೆದರು. ಕೂತರು.
ಪುಸ್ತಕದಲ್ಲಿ ಮೊಮ್ಮಗನಿಂದ ಒಂದೇ ಪದ ಬರೆಸಿದರು: ಸರಿಯಿದೆ.
ಅದರ ಕೆಳಗೆ, ಬೇರೆ ಯಾರದೋ ಕೈಬರಹ:
ಹೋದ ವಾರ ಇನ್ನೂ ಚೆನ್ನಾಗಿತ್ತು.

ಯಾರು ಬರೆದದ್ದಿದು ಎಂದು ಮ್ಯಾನೇಜರು ಕೇಳಿದಾಗ
ಆರ್ನೆಲ್ ನನ್ನನ್ನು ನೋಡಿದ.
ನಾನು ಟಾರ್ಚಿನ ಬ್ಯಾಟರಿ ಬದಲಿಸುತ್ತಿದ್ದೆ.